ಹಳೆಯ ಚರ್ಮಾಸನಗಳ ಆರೈಕೆ ಮತ್ತು ಜೀರ್ಣೋದ್ಧಾರ: ಪರೀಕ್ಷೆ ಮೊದಲು, ಕೆಲಸ ಅನಂತರ

ಹಳೆಯ ಮನೆಗಳು ಕೈಬದಲಾಗುವಾಗ, ತೋಟದ ಬಂಗಲೆಗಳು ಅತಿಥಿಗೃಹಗಳಾಗಿ ಮಾರ್ಪಡುವಾಗ, ಕ್ಲಬ್ಬುಗಳೂ ವಕೀಲರ ಕಚೇರಿಗಳೂ ನವೀಕರಣಗೊಳ್ಳುವಾಗ ಚರ್ಮದ ಹೊದಿಕೆಯುಳ್ಳ ಪೀಠೋಪಕರಣಗಳು ಪೇಟೆಗೆ ಬರುತ್ತವೆ. ಬೆನ್ನಿನ ಭಾಗದಲ್ಲಿ ಗುಂಡಿಗಳನ್ನು ಆಳವಾಗಿ ಎಳೆದು ಕೂಡಿಸಿದ ಚೆಸ್ಟರ್‌ಫೀಲ್ಡ್ ಸೋಫಾ, ಅಗಲವಾದ ಕೈಗಳ ಕ್ಲಬ್ ಕುರ್ಚಿ, ಚರ್ಮದ ಹಾಸುಳ್ಳ ಬರೆಯುವ ಮೇಜು ಮೊದಲಾದವು ಈ ವರ್ಗಕ್ಕೆ ಸೇರಿದವು. ಹಳೆಯ ಸಾಮಾನುಗಳ ವ್ಯಾಪಾರಿಗಳಿಗೂ ಕುಶನ್ ಕೆಲಸದ ಸಣ್ಣ ಘಟಕಗಳಿಗೂ ಇದು ಒಳ್ಳೆಯ ಸಂಪಾದನೆಯ ಕ್ಷೇತ್ರ. ಜೊತೆಗೆ ಎಚ್ಚರ ತಪ್ಪಿದರೆ ಬಂಡವಾಳವನ್ನೇ ಕಳೆಯುವ ಕ್ಷೇತ್ರವೂ ಹೌದು.

ಇಂತಹ ಸರಕಿನ ಬೆಲೆ ಬಹುಮಟ್ಟಿಗೆ ಅದರ ಮೂಲ ಚರ್ಮದಲ್ಲಿದೆ. ಮರದ ಚೌಕಟ್ಟನ್ನು ಬಡಗಿಯು ಸರಿಪಡಿಸಬಲ್ಲನು. ಸ್ಪ್ರಿಂಗು, ಪಟ್ಟಿ, ಗೋಣಿಬಟ್ಟೆಗಳನ್ನು ಹೊಸದಾಗಿ ತರಬಹುದು. ಆದರೆ ದಶಕಗಳ ಬಳಕೆಯಿಂದ ಮಾಗಿದ ಚರ್ಮ ಒಮ್ಮೆ ಹಾಳಾದರೆ ಅದನ್ನು ಯಾವ ಅಂಗಡಿಯಿಂದಲೂ ತರಲು ಸಾಧ್ಯವಿಲ್ಲ. ಕಾಲವು ನೂರು ವರ್ಷಗಳಲ್ಲಿ ಮಾಡದ ಹಾನಿಯನ್ನು ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯೊಂದು ಒಂದೇ ಮಧ್ಯಾಹ್ನದಲ್ಲಿ ಮಾಡಬಲ್ಲದು. ಆದುದರಿಂದ ಈ ವೃತ್ತಿಯಲ್ಲಿ ಕೈಚಳಕಕ್ಕಿಂತ ಮೊದಲು ಬೇಕಾದದ್ದು ಚರ್ಮವನ್ನು ಗುರುತಿಸುವ ಜ್ಞಾನ. ಯಾವ ಚರ್ಮಕ್ಕೆ ಯಾವ ಕೆಲಸ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹದದಲ್ಲಿ ಎರಡು ಬಗೆ

ಹಸಿ ತೊಗಲು ಕೊಳೆಯದಂತೆ ಅದರ ಕೊಲಾಜೆನ್ ನಾರುಗಳನ್ನು ಸ್ಥಿರಗೊಳಿಸುವ ಕ್ರಿಯೆಯೇ ಹದ ಮಾಡುವುದು. ಸಸ್ಯಮೂಲ ಹದದಲ್ಲಿ ಮರದ ತೊಗಟೆ, ಕಾಯಿ, ಎಲೆಗಳಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತುವನ್ನು ಬಳಸುತ್ತಾರೆ. ಇನ್ನೊಂದು ಕ್ರೋಮಿಯಂ ಲವಣಗಳಿಂದ ಮಾಡುವ ಹದ. ಆಗಸ್ಟ್ ಷುಲ್ಟ್ಸ್ ಎಂಬುವರು ಅಮೆರಿಕದಲ್ಲಿ 1884ರಲ್ಲಿ ಪಡೆದ ಪೇಟೆಂಟ್, ಮಾರ್ಟಿನ್ ಡೆನ್ನಿಸ್ ಎಂಬುವರು 1893ರಲ್ಲಿ ಪಡೆದ ಪೇಟೆಂಟ್‌ಗಳ ಬಳಿಕ ಈ ವಿಧಾನವು ಕೈಗಾರಿಕಾ ಪ್ರಮಾಣದಲ್ಲಿ ಬೆಳೆಯಿತು. ಆದರೂ 20ನೆಯ ಶತಮಾನದ ಪೂರ್ವಾರ್ಧದ ಆಸನಗಳಲ್ಲಿ ಸಸ್ಯಮೂಲ ಹದದ ಚರ್ಮವೇ ಹೆಚ್ಚಾಗಿ ಕಂಡುಬರುತ್ತದೆ.

ಈ ಎರಡರ ಗುಣ ಬೇರೆಬೇರೆ. ಕ್ರೋಮ್ ಹದದ ಚರ್ಮವು ತೇವದಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕುಗ್ಗದೆ ನಿಲ್ಲುತ್ತದೆ. ಸಸ್ಯಮೂಲ ಹದದ ಹೊಸ ಚರ್ಮವು 75ರಿಂದ 85 ಡಿಗ್ರಿಯಲ್ಲಿ ಕುಗ್ಗತೊಡಗುತ್ತದೆ. ತೀವ್ರವಾಗಿ ಜೀರ್ಣವಾದ ಹಳೆಯ ಚರ್ಮದಲ್ಲಾದರೋ ಈ ಮಿತಿಯು 40 ಡಿಗ್ರಿಯ ಆಸುಪಾಸಿಗೂ ಇಳಿಯಬಹುದು. ಒದ್ದೆ ಮಾಡಿದ ಹಳೆಯ ಕುರ್ಚಿಯನ್ನು ನಮ್ಮ ಬೇಸಿಗೆಯ ಬಿಸಿಲಿಗೆ ಇಟ್ಟರೆ ಚರ್ಮ ಮುದುಡಿ ಮೊಳೆಗಳ ಬಳಿ ಹರಿಯುವುದು ಈ ಕಾರಣದಿಂದ. ಹಾಗೆ ಕುಗ್ಗಿದ ಚರ್ಮವು ಮತ್ತೆ ಮೊದಲಿನ ಅಳತೆಗೆ ಬಾರದು.

ಕೆಂಪು ಪುಡಿಯ ರೋಗ

ಹಳೆಯ ಚರ್ಮದ ಅತಿ ದೊಡ್ಡ ಶತ್ರುವೆಂದರೆ ಇಂಗ್ಲಿಷಿನಲ್ಲಿ 'ರೆಡ್ ರಾಟ್' ಎಂದು ಕರೆಯಲಾಗುವ ಕೆಂಪು ಜೀರ್ಣತೆ. ಚರ್ಮದ ಮೇಲ್ಪದರ ಬಿರಿದು ಕೆಂಪು ಮಿಶ್ರಿತ ಕಂದು ಪುಡಿಯಾಗಿ ಉದುರುವುದು ಇದರ ಲಕ್ಷಣ. ಕಲ್ಲಿದ್ದಲಿನ ಹೊಗೆ ಮತ್ತು ಅನಿಲ ದೀಪಗಳಿಂದ ಹೊರಡುವ ಗಂಧಕದ ಡೈಆಕ್ಸೈಡ್ ಚರ್ಮದೊಳಗೆ ಸೇರಿ ಆಮ್ಲವಾಗಿ ನಾರುಗಳನ್ನು ತಿನ್ನುತ್ತದೆ.

ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಸಂಸ್ಥೆಯು ಪುಸ್ತಕಗಳ ರಟ್ಟಿಗೆ ಬಳಸುವ ಚರ್ಮ ಏಕೆ ಬೇಗನೆ ಹಾಳಾಗುತ್ತದೆಂದು ತಿಳಿಯಲು 1900ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1901ರಲ್ಲಿ ಹೊರಬಂದ ಅದರ ವರದಿಯು ಟ್ಯಾನಿನ್‌ಗಳಲ್ಲಿನ ವ್ಯತ್ಯಾಸವನ್ನು ಎತ್ತಿ ತೋರಿಸಿತು. ಸುಮಾಕ್ ಎಲೆಯಂತಹ ಪೈರೊಗ್ಯಾಲೊಲ್ ವರ್ಗದ ಟ್ಯಾನಿನ್‌ನಿಂದ ಹದ ಮಾಡಿದ ಚರ್ಮ ಹೆಚ್ಚು ಬಾಳುತ್ತದೆ. ಹಲವು ತೊಗಟೆಗಳಲ್ಲಿರುವ ಕಾಟೆಕಾಲ್ ವರ್ಗದ ಟ್ಯಾನಿನ್‌ನಿಂದ ಆದದ್ದು ಬೇಗನೆ ಜೀರ್ಣವಾಗುತ್ತದೆ ಎಂಬುದು ಅದರ ಸಾರ. ಪುಸ್ತಕದ ರಟ್ಟಿಗೆ ಹೇಳಿದ ಈ ಮಾತು ಕುರ್ಚಿಯ ಹೊದಿಕೆಗೂ ಅನ್ವಯಿಸುತ್ತದೆ.

ನಮ್ಮ ಭಾಗಕ್ಕೂ ಈ ವಿಷಯಕ್ಕೂ ನೇರ ಸಂಬಂಧವಿದೆ. ಮದರಾಸಿನಿಂದ 'ಈಸ್ಟ್ ಇಂಡಿಯಾ' ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ರಫ್ತಾಗುತ್ತಿದ್ದ ಹದ ಮಾಡಿದ ಚರ್ಮಕ್ಕೆ ಮುಖ್ಯ ಆಧಾರ ಆವರಿಕೆಯ ತೊಗಟೆ. ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವೇ ಅದು. ಅದರ ಟ್ಯಾನಿನ್ ಕಾಟೆಕಾಲ್ ವರ್ಗದ್ದು. ಬೆಳಕಿಗೆ ಚರ್ಮ ಕೆಂಪಾಗುವುದು ಅದರ ಸ್ವಭಾವ. ಇದನ್ನು ಅರಿತ ನಮ್ಮ ಹದಗಾರರು ಕೊನೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಚರ್ಮವನ್ನು ಅದ್ದುತ್ತಿದ್ದರು. ಅಳಲೆಕಾಯಿಯು ಪೈರೊಗ್ಯಾಲೊಲ್ ವರ್ಗಕ್ಕೆ ಸೇರಿದ್ದು. ಕೆಂಪಾಗುವಿಕೆಯನ್ನು ಅದು ತಗ್ಗಿಸುತ್ತದೆ. ಸಮಿತಿಯ ವರದಿಗೆ ಕಾಯದೆ ಅನುಭವದಿಂದಲೇ ಕಂಡುಕೊಂಡ ಉಪಾಯವಿದು.

ಕೆಂಪು ಜೀರ್ಣತೆಯನ್ನು ಹಿಂದಿರುಗಿಸುವ ಔಷಧಿ ಇಲ್ಲ. ಪುಡಿಯಾಗುತ್ತಿರುವ ಚರ್ಮಕ್ಕೆ ನೀರು ತಗುಲಿದರೆ ಅದು ಕಪ್ಪಾಗಿ, ಒಣಗಿದ ಮೇಲೆ ಹಲಗೆಯಂತೆ ಗಡುಸಾಗುತ್ತದೆ. ಸಂರಕ್ಷಣಾ ತಜ್ಞರು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಪುಡಿಯನ್ನು ಆಲ್ಕೊಹಾಲ್‌ನಲ್ಲಿ ಶೇ. 1ರಿಂದ 2ರಷ್ಟು ಕರಗಿಸಿ ಮೃದುವಾದ ಕುಂಚದಿಂದ ಲೇಪಿಸುತ್ತಾರೆ. ಇದರಿಂದ ಪುಡಿ ಉದುರುವುದು ನಿಲ್ಲುತ್ತದೆ. ನಾರಿಗೆ ಕಳೆದುಹೋದ ಬಲ ಮರಳುವುದಿಲ್ಲ. ಆದುದರಿಂದ ಇಂತಹ ಕುರ್ಚಿಯನ್ನು ನೋಟಕ್ಕೆ ಉಳಿಸಬಹುದೇ ಹೊರತು ಕೂರುವುದಕ್ಕಲ್ಲ ಎಂದು ಗ್ರಾಹಕರಿಗೆ ಮೊದಲೇ ತಿಳಿಸಬೇಕು. ಈ ಕೆಲಸವನ್ನು ಗಾಳಿಯಾಡುವ ಕಡೆ, ಬೆಂಕಿಯಿಂದ ದೂರದಲ್ಲಿ ಮಾಡತಕ್ಕದ್ದು.

ಖರೀದಿಗೂ ಕೆಲಸಕ್ಕೂ ಮೊದಲಿನ ಪರೀಕ್ಷೆಗಳು

1. ಚರ್ಮವೇ ಅಲ್ಲವೇ: ರೆಕ್ಸಿನ್ ಎಂಬುದು ಮೂಲತಃ ಇಂಗ್ಲೆಂಡಿನ ಒಂದು ವ್ಯಾಪಾರಮುದ್ರೆ. ಬಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಲೇಪಿಸಿ ಚರ್ಮದ ಗೆರೆಗಳನ್ನು ಅಚ್ಚೊತ್ತಿದ ಸರಕು ಅದು. ಹಳೆಯ ಆಸನಗಳಲ್ಲಿ ಇದೂ ಇರುವುದರಿಂದ ಆಸನವನ್ನು ತಲೆಕೆಳಗು ಮಾಡಿ ಹೊದಿಕೆಯ ಒಳಮೈ ನೋಡಬೇಕು. ನೇಯ್ಗೆ ಕಂಡರೆ ರೆಕ್ಸಿನ್. ನವಿರಾದ ನಾರು ಕಂಡರೆ ಚರ್ಮ. ನೈಟ್ರೊಸೆಲ್ಯುಲೋಸ್ ಬೇಗನೆ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಸುಟ್ಟು ನೋಡುವ ಪರೀಕ್ಷೆಯನ್ನು ಎಂದಿಗೂ ಮಾಡಬಾರದು.

2. ಯಾವ ಹದ: ಅಂಚಿನ ಕತ್ತರಿಸಿದ ಭಾಗದಲ್ಲಿ ಒಳಮೈ ಕಂದು ಬಣ್ಣವಾಗಿದ್ದರೆ ಸಸ್ಯಮೂಲ ಹದವೆಂದೂ ಬೂದು ಅಥವಾ ನೀಲಿ ಛಾಯೆಯಿದ್ದರೆ ಕ್ರೋಮ್ ಹದವೆಂದೂ ಸ್ಥೂಲವಾಗಿ ಹೇಳಬಹುದು. ಸಂದೇಹವಿದ್ದಲ್ಲಿ ಉದುರಿದ ಒಂದೆರಡು ನಾರುಗಳನ್ನು ಬಿಳಿಯ ಕಾಗದದ ಮೇಲಿಟ್ಟು ಅನ್ನಭೇದಿಯ ನೀರಿನ ಒಂದು ಹನಿ ಹಾಕಬೇಕು. ನಾರು ಕಪ್ಪಾದರೆ ಅದರಲ್ಲಿ ಸಸ್ಯ ಟ್ಯಾನಿನ್ ಇದೆ ಎಂದರ್ಥ. ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಹಿಂದಿನವರು ಬರೆಯುವ ಮಸಿ ತಯಾರಿಸುತ್ತಿದ್ದುದು ಇದೇ ಕ್ರಿಯೆಯಿಂದ. ಈ ಹನಿಯನ್ನು ಆಸನದ ಮೇಲೆ ಮಾತ್ರ ಹಾಕಬಾರದು, ಕಲೆ ಹೋಗುವುದಿಲ್ಲ. ಕಬ್ಬಿಣದ ಮೊಳೆಗಳ ಸುತ್ತ ಕಾಣುವ ಕಪ್ಪು ಕಲೆಗೂ ಇದೇ ಕಾರಣ. ಆದುದರಿಂದ ಮೊಳೆ ಬದಲಿಸುವಾಗ ಹಿತ್ತಾಳೆಯದನ್ನೇ ಆರಿಸುವುದು ಲೇಸು.

3. ಮೇಲ್ಮೈ ಯಾವುದು: ಕಣ್ಣಿಗೆ ಬೀಳದ ಜಾಗದಲ್ಲಿ, ಪುಡಿಯಾಗದ ಗಟ್ಟಿ ಚರ್ಮದ ಮೇಲೆ ಮಾತ್ರ, ಒಂದು ಸಣ್ಣ ಹನಿ ಶುದ್ಧ ನೀರನ್ನಿಡಬೇಕು. ನೀರು ಒಳಗೆ ಇಳಿದು ಮೈ ಕಪ್ಪಾದರೆ ಅದು ಬಣ್ಣವನ್ನು ನಾರಿನೊಳಗೆ ಮಾತ್ರ ಹೀರಿಸಿದ, ಮೇಲೆ ರಕ್ಷಣಾ ಲೇಪವಿಲ್ಲದ ಅನಿಲೀನ್ ಚರ್ಮ. ಹನಿ ಹಾಗೆಯೇ ನಿಂತರೆ ಅದು ವರ್ಣಲೇಪವುಳ್ಳ ಚರ್ಮ. ಮುಂದಿನ ಎಲ್ಲ ಕೆಲಸವೂ ಈ ಉತ್ತರವನ್ನು ಅವಲಂಬಿಸಿದೆ.

4. ಜೀರ್ಣತೆ ಇದೆಯೇ: ಬಿಳಿಯ ಹತ್ತಿಬಟ್ಟೆಯನ್ನು ಒಣಗಿರುವಂತೆಯೇ ಮೆಲ್ಲನೆ ಒರೆಸಿ ನೋಡಬೇಕು. ಕೆಂಪು ಪುಡಿ ಅಂಟಿದರೆ ಅಲ್ಲಿಗೆ ನಿಲ್ಲಿಸಬೇಕು. ಆ ಆಸನಕ್ಕೆ ನೀರು, ಸಾಬೂನು, ಎಣ್ಣೆ ಯಾವುದೂ ಕೂಡದು. ವಾಸ್ತವವಾಗಿ ಈ ಪರೀಕ್ಷೆಯನ್ನು ನೀರಿನ ಹನಿಗಿಂತ ಮೊದಲೇ ಮಾಡುವುದು ಕ್ಷೇಮ.

ಉಪಕಾರವೆಂದು ಮಾಡುವ ಅಪಕಾರ

ಚರ್ಮ ಒಣಗಿದಂತೆ ಕಂಡೊಡನೆ ಎಣ್ಣೆ ಹಚ್ಚುವುದು ನಮ್ಮಲ್ಲಿ ರೂಢಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರು, ಮಡಿಕೇರಿಗಳ ಚಳಿಗಾಲದಲ್ಲಿ ಅದು ಚರ್ಮದ ಮೇಲೆ ಬಿಳಿಯ ಪೊರೆಯಾಗಿ ಕಾಣಿಸಿಕೊಂಡರೆ ಅಚ್ಚರಿಯಿಲ್ಲ. ಬೇರೆ ಎಣ್ಣೆಗಳು ಕಾಲಕ್ರಮೇಣ ಆಕ್ಸಿಜನ್ ಸೇರಿ ಅಂಟಾಗಿ ಧೂಳನ್ನು ಹಿಡಿದಿಡುತ್ತವೆ, ಚರ್ಮವನ್ನು ಕಪ್ಪಾಗಿಸುತ್ತವೆ. ಒಂದು ಕಾಲಕ್ಕೆ ವಸ್ತುಸಂಗ್ರಹಾಲಯಗಳೂ ಲ್ಯಾನೊಲಿನ್, ಜೇನುಮೇಣಗಳ ಮಿಶ್ರಣವನ್ನು ಚರ್ಮಕ್ಕೆ ಲೇಪಿಸುತ್ತಿದ್ದವು. ಇಂದು ಸಂರಕ್ಷಣಾ ತಜ್ಞರು ಅದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ.

ಸಾಬೂನಿನ ವಿಷಯವೂ ಹಾಗೆಯೇ. ಚರ್ಮ ಸ್ವಭಾವತಃ ಆಮ್ಲೀಯ. ಒಳ್ಳೆಯ ಸ್ಥಿತಿಯಲ್ಲಿ ಅದರ ಪಿಎಚ್ ಮೌಲ್ಯ ಸುಮಾರು 3ರಿಂದ 5ರವರೆಗೆ ಇರುತ್ತದೆ. ಕುದುರೆಯ ಜೀನಿಗೆ ಬಳಸುವ ಸಾಬೂನೂ ಸೇರಿದಂತೆ ಸಾಮಾನ್ಯ ಸಾಬೂನುಗಳು ಕ್ಷಾರೀಯವಾಗಿದ್ದು ಹಳೆಯ ಚರ್ಮಕ್ಕೆ ಹಾನಿಕರ. ಬೂಟ್ ಪಾಲಿಷ್‌ನ ಬಣ್ಣ ಕೂತವರ ಬಟ್ಟೆಗೆ ಅಂಟುತ್ತದೆ. ಅಡುಗೆಮನೆಯ ಶುಚಿಕಾರಕಗಳು, ಸೀಮೆಎಣ್ಣೆ, ಥಿನ್ನರ್‌ಗಳು ಮೇಲ್ಲೇಪವನ್ನೇ ಕರಗಿಸುತ್ತವೆ. ಇವೆಲ್ಲವನ್ನೂ ಕಾರ್ಖಾನೆಯ ಕಪಾಟಿನಿಂದ ಹೊರಗಿಡುವುದು ಒಳ್ಳೆಯದು.

ಶುಚಿಗೊಳಿಸುವ ಕ್ರಮ

ಮೊದಲು ಮೃದುವಾದ ಕುಂಚದಿಂದ ಧೂಳನ್ನು ಮೇಲೆಬ್ಬಿಸಿ, ವ್ಯಾಕ್ಯೂಂ ಕ್ಲೀನರ್‌ನ ಬಾಯಿಗೆ ತೆಳುವಾದ ಜಾಲರಿ ಬಟ್ಟೆ ಕಟ್ಟಿ ಹೀರಿಸಬೇಕು. ಗುಂಡಿಗಳ ಬುಡ, ಮಡಿಕೆಗಳು, ಹೊಲಿಗೆಯ ಸಂದುಗಳಲ್ಲಿ ಮರಳಿನಂತಹ ಕಸ ಸೇರಿ ಚರ್ಮವನ್ನು ಒಳಗಿನಿಂದ ಉಜ್ಜುತ್ತಿರುತ್ತದೆ. ಎಷ್ಟೋ ಆಸನಗಳಿಗೆ ಇಷ್ಟೇ ಸಾಕು. ಗಟ್ಟಿಯಾದ ವರ್ಣಲೇಪಿತ ಚರ್ಮಕ್ಕೆ ಮಾತ್ರ, ಚರ್ಮಕ್ಕೆಂದೇ ತಯಾರಾದ ಮೃದು ಶುಚಿಕಾರಕದ ನೊರೆಯನ್ನು ಬಟ್ಟೆಗೆ ಹಾಕಿ, ಅಂಗೈ ಅಗಲದ ಭಾಗವನ್ನು ಒಂದೊಂದಾಗಿ ಒರೆಸಿ ಕೂಡಲೇ ಒಣಬಟ್ಟೆಯಿಂದ ಒತ್ತಬೇಕು. ನೊರೆ ಬಟ್ಟೆಗೆ ಹೋಗಬೇಕೇ ಹೊರತು ನೇರವಾಗಿ ಚರ್ಮಕ್ಕೆ ಹೋಗಬಾರದು. ಅನಿಲೀನ್ ಚರ್ಮದಲ್ಲಿ ತಲೆಎಣ್ಣೆಯ ಕಲೆ ನಾರಿನೊಳಗೆ ಇಳಿದಿರುತ್ತದೆ. ಅದನ್ನು ಪೂರ್ತಿ ತೆಗೆಯುತ್ತೇವೆಂದು ಮಾತು ಕೊಡಬಾರದು.

ಹರಿದದ್ದು, ಬಿರಿದದ್ದು, ಬಣ್ಣಗೆಟ್ಟದ್ದು

ಹರಿದ ಕಡೆ ಒಳಬದಿಯಿಂದ ತೆಳುವಾದ ಚರ್ಮ ಅಥವಾ ಹತ್ತಿಬಟ್ಟೆಯ ಆಸರೆ ಕೊಟ್ಟು, ಅದರ ಮೇಲೆ ಹರಿದ ಅಂಚುಗಳನ್ನು ಕೂಡಿಸುವುದು ಸರಿಯಾದ ಮಾರ್ಗ. ಒಣಗಿದ ಮೇಲೂ ಬಾಗುವ, ನೀರು ಆಧಾರಿತ ಅಂಟು ಬೇಕು. ಚಪ್ಪಲಿ ಕೆಲಸಕ್ಕೆ ಬಳಸುವ ಸೊಲ್ಯೂಷನ್ ಕಾಲಾನಂತರ ಹಳದಿಯಾಗಿ ಕಲೆಯಾಗುತ್ತದೆ. ಅದನ್ನು ಬಿಡಿಸುವುದೂ ಕಷ್ಟ. ಕ್ಷಣಾರ್ಧದಲ್ಲಿ ಹಿಡಿಯುವ ಅಂಟುಗಳು ಗಡುಸಾಗಿ ಪಕ್ಕದಲ್ಲಿ ಹೊಸ ಬಿರುಕಿಗೆ ದಾರಿ ಮಾಡುತ್ತವೆ. ಬಿಟ್ಟುಹೋದ ಹೊಲಿಗೆಯನ್ನು ಹಳೆಯ ರಂಧ್ರಗಳಲ್ಲೇ ಕೈಯಿಂದ ಹಾಕಬೇಕು. ಯಂತ್ರ ಹೊಡೆಯುವ ಹೊಸ ರಂಧ್ರಗಳ ಸಾಲು ಅಂಚೆಚೀಟಿಯ ಅಂಚಿನಂತೆ ಚರ್ಮವನ್ನು ದುರ್ಬಲಗೊಳಿಸುತ್ತದೆ.

ಬಿರುಕು ಮೇಲ್ಲೇಪದಲ್ಲಿದೆಯೋ ನಾರಿನಲ್ಲಿದೆಯೋ ಎಂದು ಭೂತಗನ್ನಡಿಯಿಂದ ನೋಡಬೇಕು. ಲೇಪ ಮಾತ್ರ ಬಿರಿದು ಕೆಳಗಿನ ಚರ್ಮ ಗಟ್ಟಿಯಾಗಿದ್ದರೆ ಜಿಡ್ಡು ತೆಗೆದು, ಹೊಂದುವ ಬಣ್ಣವನ್ನು ತೆಳುವಾದ ಹಲವು ಪದರಗಳಲ್ಲಿ ಸಿಂಪಡಿಸಿ ರಕ್ಷಣಾ ಲೇಪ ಕೊಡಬಹುದು. ಅನಿಲೀನ್ ಚರ್ಮಕ್ಕೆ ಇದೇ ಕೆಲಸ ಮಾಡಿದರೆ ವರ್ಷಗಳ ಬಳಕೆಯಿಂದ ಬಂದ ಮೈಬಣ್ಣ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಹಳೆಯ ಸರಕನ್ನು ಬಲ್ಲ ಗ್ರಾಹಕ ಹಣ ಕೊಡುವುದೇ ಆ ಮೈಬಣ್ಣಕ್ಕೆ. ಹೊಸದರಂತೆ ಹೊಳೆಯಿಸಿದ ಹಳೆಯ ಕುರ್ಚಿಯನ್ನು ಅವನು ಹೊಸ ಕುರ್ಚಿಯೊಡನೆಯೇ ಹೋಲಿಸಿ ಬೆಲೆ ಕಟ್ಟುತ್ತಾನೆ.

ಒಳಗಿನ ತುಂಬುವಿಕೆಗೂ ಇದೇ ವಿವೇಕ ಬೇಕು. ಹಳೆಯ ಆಸನಗಳಲ್ಲಿರುವ ಕುದುರೆ ಕೂದಲನ್ನು ತೊಳೆದು, ಒಣಗಿಸಿ, ಹಿಂಜಿ ಮತ್ತೆ ತುಂಬಬಹುದು. ಅದರ ಬದಲು ಫೋಮ್ ತುಂಬಿದರೆ ಆಸನದ ಉಬ್ಬು ಬದಲಾಗಿ ಹಳೆಯ ಚರ್ಮದ ಹೊಲಿಗೆಗಳ ಮೇಲೆ ಎಳೆತ ಬೀಳುತ್ತದೆ. ಸ್ಪ್ರಿಂಗಿನ ಕಟ್ಟು, ಕೆಳಗಿನ ಪಟ್ಟಿ ಸಡಿಲವಾಗಿದ್ದರೆ ಮೊದಲು ಅವನ್ನು ಸರಿಪಡಿಸಬೇಕು. ತಳ ಕುಸಿದ ಆಸನದ ಮೇಲಿನ ಚರ್ಮವನ್ನು ಎಷ್ಟು ಸಲ ತೇಪೆ ಹಾಕಿದರೂ ಅದು ಮತ್ತೆ ಹರಿಯುತ್ತದೆ.

ಮಳೆಗಾಲದ ಎಚ್ಚರ

ಸಾಪೇಕ್ಷ ಆರ್ದ್ರತೆ ಶೇ. 65 ದಾಟಿ ಬಹುಕಾಲ ನಿಂತರೆ ಚರ್ಮಕ್ಕೆ ಬೂಷ್ಟು ಹಿಡಿಯುವ ಅಪಾಯ ಆರಂಭವಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಅದು ಶೇ. 80ನ್ನೂ ಮೀರುತ್ತದೆ. ಬೆಂಗಳೂರಿನ ಬೇಸಿಗೆಯ ಮಧ್ಯಾಹ್ನಗಳಲ್ಲಿ ಶೇ. 30ರ ಆಸುಪಾಸಿಗೆ ಇಳಿಯುವುದೂ ಉಂಟು. ಚರ್ಮಕ್ಕೆ ಹಿತವಾದದ್ದು ಶೇ. 45ರಿಂದ 55. ಕಡಿಮೆ ಬೆಲೆಗೆ ದೊರೆಯುವ ಹೈಗ್ರೋಮೀಟರ್ ಎಂಬ ತೇವಮಾಪಕವನ್ನು ಗೋದಾಮಿನಲ್ಲಿ ತೂಗುಹಾಕಿದರೆ ಎಚ್ಚರಿಕೆ ತಾನಾಗಿ ದೊರೆಯುತ್ತದೆ. ಆಸನಗಳನ್ನು ಗೋಡೆಯಿಂದ ಒಂದು ಗೇಣಾದರೂ ದೂರ ಇಡಬೇಕು. ಹೊದಿಸುವುದಾದರೆ ಹತ್ತಿಬಟ್ಟೆಯೇ ಆಗಬೇಕು; ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಬಂಧಿಸುತ್ತದೆ. ನೇರ ಬಿಸಿಲು ಬೀಳುವ ಕಿಟಕಿಯ ಬಳಿಯೂ ಇಡಬಾರದು.

ಬಿಳಿಯ ಪೊರೆಯೆಲ್ಲವೂ ಬೂಷ್ಟಲ್ಲ. ಕೂದಲು ಒಣಗಿಸುವ ಯಂತ್ರದ ಹದವಾದ ಬಿಸಿ ಗಾಳಿಯನ್ನು ದೂರದಿಂದ ಕ್ಷಣಕಾಲ ಬಿಟ್ಟಾಗ ಪೊರೆ ಕರಗಿ ಮಾಯವಾದರೆ ಅದು ಚರ್ಮದಿಂದ ಹೊರಬಂದ ಕೊಬ್ಬು. ಹಾಗೆಯೇ ಉಳಿದರೆ ಬೂಷ್ಟು. ಜೀರ್ಣವಾದ ಚರ್ಮಕ್ಕೆ ಈ ಪರೀಕ್ಷೆಯೂ ಬೇಡ. ಬೂಷ್ಟು ಹಿಡಿದ ಆಸನವನ್ನು ಇತರ ಸರಕಿನಿಂದ ಬೇರ್ಪಡಿಸಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಮುಖಕ್ಕೆ ಮಾಸ್ಕ್ ಧರಿಸಿ ಕುಂಚ ಮತ್ತು ವ್ಯಾಕ್ಯೂಂನಿಂದ ತೆಗೆಯಬೇಕು. ತೇವ ತಗ್ಗದೆ ಬೂಷ್ಟನ್ನು ಮಾತ್ರ ತೆಗೆದರೆ ಅದು ಮತ್ತೆ ಬರುತ್ತದೆ.

ವ್ಯವಹಾರದ ಅಂಶಗಳು

ಪ್ರತಿ ಕೆಲಸಕ್ಕೂ ಒಂದು ತಪಾಸಣಾ ಪತ್ರ ಇರಲಿ. ಬಂದಾಗಿನ ಛಾಯಾಚಿತ್ರಗಳು, ಮೇಲಿನ ನಾಲ್ಕು ಪರೀಕ್ಷೆಗಳ ಫಲಿತಾಂಶ, ಮಾಡುವ ಕೆಲಸ, ಮಾಡದೆ ಬಿಡುವ ಕೆಲಸ ಇವನ್ನು ಬರೆದು ಗ್ರಾಹಕರ ಸಹಿ ಪಡೆಯಬೇಕು. ತಪಾಸಣೆಗೆ ಪ್ರತ್ಯೇಕ ಶುಲ್ಕ ವಿಧಿಸುವುದು ನ್ಯಾಯವೇ. ಶುಚಿ, ದುರಸ್ತಿ, ಮರುಬಣ್ಣ, ಮರುಹೊದಿಕೆ ಇವು ನಾಲ್ಕು ಬೇರೆ ಕೆಲಸಗಳು. ಬಿಲ್ಲಿನಲ್ಲಿ ಬೇರೆಬೇರೆಯಾಗಿಯೇ ನಮೂದಿಸಬೇಕು. ಹೊಸ ಚರ್ಮ ಹೊದಿಸಿದ ಕುರ್ಚಿಯನ್ನು 'ಮೂಲ ಚರ್ಮ'ದ್ದೆಂದು ಮಾರುವವರು ಒಂದು ಮಾರಾಟ ಗೆದ್ದು ಒಬ್ಬ ಗ್ರಾಹಕನನ್ನು ಕಳೆದುಕೊಳ್ಳುತ್ತಾರೆ. ತೆಗೆದ ಹಳೆಯ ಚರ್ಮದ ತುಂಡನ್ನು ಲಕೋಟೆಯಲ್ಲಿಟ್ಟು ಕೊಟ್ಟರೆ ವಿಶ್ವಾಸ ಬೆಳೆಯುತ್ತದೆ.

ಬಳಸಿದ ಸರಕನ್ನು ಕೊಂಡು ಮಾರುವವರಿಗೆ ಸರಕು ಮತ್ತು ಸೇವಾ ತೆರಿಗೆಯ ಕೇಂದ್ರ ನಿಯಮಾವಳಿಯ 32(5)ನೆಯ ನಿಯಮ ಉಪಯುಕ್ತ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದೆ, ಸರಕನ್ನು ಇದ್ದಂತೆಯೇ ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆ ಮಾಡಿ ಮಾರಿದರೆ, ಮಾರಾಟ ಬೆಲೆ ಮತ್ತು ಖರೀದಿ ಬೆಲೆಗಳ ವ್ಯತ್ಯಾಸವೇ ತೆರಿಗೆಯ ಮೌಲ್ಯ. ಉದಾಹರಣೆಗೆ, 40,000 ರೂಪಾಯಿಗೆ ಕೊಂಡ ಸೋಫಾವನ್ನು 70,000 ರೂಪಾಯಿಗೆ ಮಾರಿದಲ್ಲಿ 30,000 ರೂಪಾಯಿಯ ಮೇಲೆ ಮಾತ್ರ ತೆರಿಗೆ. ಶುಚಿ ಮತ್ತು ಸಣ್ಣ ದುರಸ್ತಿಗಳಿಗೂ ಸಂಪೂರ್ಣ ಮರುಹೊದಿಕೆಗೂ ಇಲ್ಲಿ ವ್ಯತ್ಯಾಸ ಬರಬಹುದಾದ್ದರಿಂದ ಸದಸ್ಯರು ತಮ್ಮ ತೆರಿಗೆ ಸಲಹೆಗಾರರೊಡನೆ ಚರ್ಚಿಸುವುದು ಸೂಕ್ತ.

ನೂರು ವರ್ಷ ತುಂಬಿದ ವಸ್ತುಗಳ ವಿಷಯದಲ್ಲಿ 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮವನ್ನು ಮರೆಯಬಾರದು. ಆ ವ್ಯಾಖ್ಯೆಯೊಳಗೆ ಬರುವ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ರಫ್ತು ಮಾಡುವಂತಿಲ್ಲ. ಹೊರದೇಶದ ಗ್ರಾಹಕರೊಡನೆ ಒಪ್ಪಂದಕ್ಕೆ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯಬೇಕೇ ಎಂದು ವಿಚಾರಿಸಿಕೊಳ್ಳಬೇಕು.

ಒಟ್ಟಿನಲ್ಲಿ, ಹಳೆಯ ಚರ್ಮದ ವ್ಯವಹಾರದಲ್ಲಿ ಲಾಭವು ಮಾಡಿದ ಕೆಲಸದಷ್ಟೇ ಮಾಡದೆ ಬಿಟ್ಟ ಕೆಲಸದಿಂದಲೂ ಬರುತ್ತದೆ. ಬಿಳಿಯ ಬಟ್ಟೆಯ ಒಂದು ತುಂಡು, ಒಂದು ಹನಿ ನೀರು, ಒಂದು ಭೂತಗನ್ನಡಿ: ಇಷ್ಟು ಬಂಡವಾಳದ ಪರೀಕ್ಷೆಯು ಸಾವಿರಾರು ರೂಪಾಯಿಗಳ ಸರಕನ್ನು ಉಳಿಸಬಲ್ಲದು. ಕುಶನ್ ಕೆಲಸದ ಘಟಕಗಳು ತಮ್ಮ ಕೆಲಸಗಾರರಿಗೆ ಮೊದಲು ಈ ಪರೀಕ್ಷೆಗಳನ್ನು ಕಲಿಸಲಿ; ಸೂಜಿ ಮತ್ತು ಬಣ್ಣ ಅನಂತರ ಕೈಗೆ ಬರಲಿ.